ಐಸ್ ಪ್ಲಾಂಟಿನ ಅಮೋನಿಯಾ: ಅದರ ಜೊತೆ ದುಡಿಯುವವರು ತಿಳಿದಿರಬೇಕಾದದ್ದು

ಬೋಟು ಕಡಲಿಗೆ ಹೊರಡುವ ಮುನ್ನ ಡೀಸೆಲ್ ಜೊತೆಗೇ ತುಂಬಿಸಿಕೊಳ್ಳುವುದು ಐಸ್. ಮಲ್ಪೆ, ಮಂಗಳೂರು, ಕಾರವಾರ, ಎಲ್ಲಿ ಮೀನುಗಾರಿಕೆ ಬಂದರಿದೆಯೋ ಅದರ ಆಸುಪಾಸಿನಲ್ಲಿ ಐಸ್ ಪ್ಲಾಂಟ್ ಇದ್ದೇ ಇರುತ್ತದೆ. ಆ ಪ್ಲಾಂಟಿನ ಪೈಪುಗಳಲ್ಲಿ ಓಡಾಡುವುದು ಅಮೋನಿಯಾ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಣ್ಣ ಮಾಸದಂತೆ ಕಾಯುವ ಕೋಲ್ಡ್ ಸ್ಟೋರೇಜುಗಳಲ್ಲಿ, ಹಾಲು ತಂಪು ಮಾಡುವ ದೊಡ್ಡ ಡೇರಿಗಳಲ್ಲಿ ಕೂಡ ಸಾಮಾನ್ಯವಾಗಿ ಇದೇ ಅನಿಲ. ಜರ್ಮನಿಯ ಕಾರ್ಲ್ ಫಾನ್ ಲಿಂಡೆ 1870ರ ದಶಕದಲ್ಲಿ ಅಮೋನಿಯಾ ಕಂಪ್ರೆಸರ್ ರೂಪಿಸಿದ ಮೇಲೆ ಹೊಸ ಹೊಸ ಅನಿಲಗಳು ಎಷ್ಟೋ ಬಂದವು, ಓಝೋನ್ ಪದರಕ್ಕೆ ಕೇಡು ಎಂದು ಕೆಲವು ಹೋದವು. ಅಮೋನಿಯಾ ಮಾತ್ರ ಉಳಿದುಕೊಂಡಿತು. ಅಗ್ಗ, ಶಾಖ ಹೀರುವ ಶಕ್ತಿ ಹೆಚ್ಚು, ವಾತಾವರಣಕ್ಕೆ ಹಾನಿಯಿಲ್ಲ. ಆದ್ದರಿಂದ ಇದನ್ನು ಬಿಟ್ಟುಬಿಡಿ ಎಂದು ಯಾರಿಗೂ ಹೇಳುವಂತಿಲ್ಲ. ಇದರ ಜೊತೆ ದುಡಿಯುವವರ ಕಣ್ಣು, ಶ್ವಾಸಕೋಶ, ಜೀವ ಉಳಿಯುವ ಹಾಗೆ ಕೆಲಸ ಮಾಡುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಇದರ ಸ್ವಭಾವ ಮೊದಲು ತಿಳಿದುಕೊಳ್ಳೋಣ. ಅಮೋನಿಯಾ ಕುದಿಯುವುದು ಮೈನಸ್ 33 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪ್ಲಾಂಟಿನೊಳಗೆ ಒತ್ತಡದಲ್ಲಿ ಹಿಡಿದಿಟ್ಟಿರುವುದರಿಂದ ಮಾತ್ರ ಅದು ದ್ರವವಾಗಿರುತ್ತದೆ. ಹೊರಗಿನ ಉಷ್ಣತೆ 35 ಡಿಗ್ರಿ ಇದ್ದಾಗ ದ್ರವ ಶೇಖರವಾಗುವ ಪಾತ್ರೆಯಾದ ರಿಸೀವರ್‌ನ ಗೇಜ್ ಸುಮಾರು 12ರಿಂದ 13 ಕೆ.ಜಿ. ಒತ್ತಡ ತೋರಿಸುತ್ತದೆ. ಅಲ್ಲಿಂದ ಒಂದು ಲೀಟರ್ ದ್ರವ ಹೊರಬಿದ್ದು ಆವಿಯಾದರೆ ಎಂಟುನೂರು ಲೀಟರಿಗೂ ಹೆಚ್ಚು ಅನಿಲ. ನೀರನ್ನು ಕಂಡರೆ ಇದಕ್ಕೆ ಎಲ್ಲಿಲ್ಲದ ದಾಹ. ನಮ್ಮ ದೇಹದಲ್ಲಿ ನೀರಿರುವ ಕಡೆಯೆಲ್ಲ, ಅಂದರೆ ಕಣ್ಣು, ಮೂಗಿನ ಒಳಭಾಗ, ಗಂಟಲು, ಶ್ವಾಸಕೋಶ, ಬೆವರಿದ ಕಂಕುಳು, ತೊಡೆಸಂದು, ಮೊದಲು ಸುಡುವುದು ಅಲ್ಲೇ. ನೀರಿನೊಡನೆ ಸೇರಿ ಅದು ಸುಡುವ ಕ್ಷಾರವಾಗುತ್ತದೆ. ಕ್ಷಾರದ ಸುಟ್ಟಗಾಯ ಆಮ್ಲದ ಗಾಯಕ್ಕಿಂತ ಆಳಕ್ಕೆ ಇಳಿಯುತ್ತದೆ. ಅದರಲ್ಲೂ ಕಣ್ಣಿಗೆ ಬಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಒಳಗೆ ನುಗ್ಗುತ್ತದೆ.

ಅಮೋನಿಯಾ ಗಾಳಿಗಿಂತ ಹಗುರ, ಮೇಲೆ ಹೋಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಅನಿಲದ ಮಟ್ಟಿಗೆ ಅದು ನಿಜ. ಆದರೆ ಒತ್ತಡದಲ್ಲಿರುವ ದ್ರವ ಚಿಮ್ಮಿದಾಗ ಹೊರಬರುವುದು ಬರೀ ಅನಿಲವಲ್ಲ, ಸಣ್ಣ ಹನಿಗಳು ಬೆರೆತ ಕೊರೆಯುವ ಬಿಳಿ ಮಂಜು. ಕರಾವಳಿಯ ತೇವದ ಗಾಳಿಯಲ್ಲಿ ಅದು ಇನ್ನಷ್ಟು ದಟ್ಟವಾಗಿ ನೆಲ ಹಿಡಿದೇ ಹರಿಯುತ್ತದೆ. ‘ಗ್ಯಾಸ್ ಮೇಲಕ್ಕೆ ಹೋಗುತ್ತದೆ, ಬಗ್ಗಿ ಹೋದರೆ ಸಾಕು’ ಎಂದು ನಂಬಿ ಆ ಮಂಜಿನೊಳಗೆ ಹೊಕ್ಕವರು ಹೊರಬರುವುದು ಕಷ್ಟ.

ಅಳತೆಯನ್ನೂ ಸ್ವಲ್ಪ ನೆನಪಿಟ್ಟುಕೊಳ್ಳಿ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ ಅನಿಲ ಎಂಬುದನ್ನು ಪಿಪಿಎಂ ಎನ್ನುತ್ತಾರೆ. 5 ಪಿಪಿಎಂ ಆಸುಪಾಸಿನಲ್ಲೇ ಹೆಚ್ಚಿನವರ ಮೂಗಿಗೆ ಅಮೋನಿಯಾದ ಘಾಟು ಗೊತ್ತಾಗುತ್ತದೆ. ನಮ್ಮ ಕಾರ್ಖಾನೆ ಕಾಯ್ದೆ ಎಂಟು ಗಂಟೆಯ ಪಾಳಿಗೆ ಹಾಕಿದ ಮಿತಿ ಸರಾಸರಿ 25 ಪಿಪಿಎಂ, ಹದಿನೈದು ನಿಮಿಷಕ್ಕೆ 35. 300 ಪಿಪಿಎಂ ಮುಟ್ಟಿತೆಂದರೆ ಅದು ಜೀವಕ್ಕೆ ಅಪಾಯದ ಮಟ್ಟ, ತಕ್ಕ ಉಸಿರಾಟದ ಸಾಧನವಿಲ್ಲದೆ ಅಲ್ಲಿ ನಿಲ್ಲಲೇಬಾರದು. ಕೆಲವು ಸಾವಿರ ಪಿಪಿಎಂ ಇರುವ ಕಡೆ ಗಂಟಲು ಬಿಗಿದು, ಉಸಿರು ಕಟ್ಟಿ, ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಗಾಳಿಯಲ್ಲಿ ಶೇ 15ರಿಂದ 28ರಷ್ಟು ಸೇರಿಕೊಂಡಾಗ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ ಕೂಡ. ಬಯಲಿನಲ್ಲಿ ಆ ಮಟ್ಟ ಬರುವುದು ಅಪರೂಪ, ಮುಚ್ಚಿದ ಕಂಪ್ರೆಸರ್ ಕೋಣೆಯಲ್ಲಿ ಬರಬಹುದು.

ಮೂಗಿಗೆ ಇಷ್ಟು ಬೇಗ ಸಿಗುವುದು ಅಮೋನಿಯಾದ ದೊಡ್ಡ ಉಪಕಾರ. ಕಾರ್ಬನ್ ಮೊನಾಕ್ಸೈಡ್‌ನಂತೆ ಸದ್ದಿಲ್ಲದೆ ಬಂದು ಕೊಲ್ಲುವ ಅನಿಲವಲ್ಲ ಇದು, ಮೊದಲೇ ಹೇಳುತ್ತದೆ. ಕೆಡುವುದು ನಮ್ಮ ಕಡೆಯಿಂದ. ದಿನವಿಡೀ ಅದರಲ್ಲೇ ಇರುವವರ ಮೂಗು ಘಾಟಿಗೆ ಒಗ್ಗಿಹೋಗುತ್ತದೆ. ‘ಐಸ್ ಪ್ಲಾಂಟ್ ಅಂದ ಮೇಲೆ ಸ್ವಲ್ಪ ವಾಸನೆ ಇದ್ದದ್ದೇ’ ಎನ್ನುವ ಮಾತು ಎಷ್ಟು ಆಪರೇಟರುಗಳ ಬಾಯಲ್ಲಿ ಕೇಳುತ್ತೇವೆ! ಸರಿಯಾಗಿ ನಡೆಯುವ ಪ್ಲಾಂಟಿನಲ್ಲಿ ವಾಸನೆ ಇರಬಾರದು. ಇದೆ ಎಂದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹೊರಗಿನಿಂದ ಬಂದ ಲಾರಿ ಡ್ರೈವರೋ ಮೀನಿನ ವ್ಯಾಪಾರಿಯೋ ಮೂಗು ಮುಚ್ಚಿಕೊಂಡರೆ ನಗಬೇಡಿ. ಆ ಹೊತ್ತಿಗೆ ಪ್ಲಾಂಟಿನಲ್ಲಿ ನಂಬಬಹುದಾದ ಮೂಗು ಅವರದೇ.

ಸಣ್ಣ ಸೋರಿಕೆ ಹುಡುಕುವುದು ಕಷ್ಟವಲ್ಲ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ವಾಲ್ವಿನ ಗ್ಲ್ಯಾಂಡ್, ಫ್ಲ್ಯಾಂಜ್, ಕಂಪ್ರೆಸರ್‌ನ ಶಾಫ್ಟ್ ಸೀಲ್ ಬಳಿ ಹಿಡಿದರೆ ನೀಲಿಯಾಗುತ್ತದೆ. ಗಂಧಕದ ಬತ್ತಿ ಹಚ್ಚಿ ಹಿಡಿದರೆ ಸೋರುವ ಜಾಗದಲ್ಲಿ ದಟ್ಟ ಬಿಳಿ ಹೊಗೆ ಏಳುತ್ತದೆ. ಹಳೆಯ ಆಪರೇಟರುಗಳಿಗೆ ಇದೇ ರೂಢಿ. ಬತ್ತಿಯಲ್ಲಿ ಬೆಂಕಿ ಇರುವುದರಿಂದಲೂ ಅದರ ಹೊಗೆಯೇ ಕೆಡುಕಾದ್ದರಿಂದಲೂ ನನ್ನ ಮತ ಲಿಟ್ಮಸ್ ಕಾಗದಕ್ಕೆ. ಕಂಪ್ರೆಸರ್ ಕೋಣೆಯಲ್ಲಿ ಸದಾ ಕಾವಲಿರುವ ಅಮೋನಿಯಾ ಸೆನ್ಸರ್ ಹಾಕಿಸಿ, ಅದರ ಅಲಾರಂ ಹೊರಗೂ ಕೇಳುವಂತೆ ಇದ್ದರೆ ಇನ್ನೂ ಒಳ್ಳೆಯದು. ಹಿತ್ತಾಳೆ, ತಾಮ್ರದ ಸಾಮಾನು ಮಾತ್ರ ಈ ಲೈನಿನ ಹತ್ತಿರ ತರಬೇಡಿ. ಅಮೋನಿಯಾ ಅವನ್ನು ತಿನ್ನುತ್ತದೆ. ಅಂಗಡಿಯಲ್ಲಿ ಸಿಕ್ಕ ಹಿತ್ತಾಳೆ ವಾಲ್ವ್ ಹಾಕಿ ‘ಸದ್ಯಕ್ಕೆ ನಡೆಯಲಿ’ ಎನ್ನುವ ರಿಪೇರಿ ಮುಂದೊಂದು ದಿನ ಬಿರುಕು ಬಿಡುತ್ತದೆ.

ಆಯಿಲ್ ತೆಗೆಯುವ ಹೊತ್ತು

ಅಮೋನಿಯಾ ಪ್ಲಾಂಟಿನಲ್ಲಿ ಯಾವ ಕೆಲಸಕ್ಕೆ ಅತಿ ಹೆಚ್ಚು ಹೆದರಬೇಕು ಎಂದು ಕೇಳಿದರೆ ತಿಳಿದವರು ಹೇಳುವುದು ಆಯಿಲ್ ಡ್ರೈನ್. ವಾರಕ್ಕೋ ತಿಂಗಳಿಗೋ ಮಾಡುತ್ತಲೇ ಇರುವ ಕೆಲಸ. ಅದಕ್ಕೇ ಅದರ ಭಯ ಹೊರಟುಹೋಗಿರುತ್ತದೆ.

ಕಂಪ್ರೆಸರ್‌ನ ಆಯಿಲ್ ಸ್ವಲ್ಪ ಸ್ವಲ್ಪವಾಗಿ ಅಮೋನಿಯಾ ಜೊತೆ ಲೈನಿಗೆ ಹೋಗುತ್ತದೆ. ಸಾಮಾನ್ಯ ಖನಿಜ ಆಯಿಲ್ ಅಮೋನಿಯಾದಲ್ಲಿ ಬೆರೆಯುವುದಿಲ್ಲ, ಅದಕ್ಕಿಂತ ಭಾರವೂ ಹೌದು. ಹೀಗಾಗಿ ರಿಸೀವರ್, ಕೂಲಿಂಗ್ ಕಾಯಿಲ್‌ಗಳ ತಳದಲ್ಲಿ ಹೋಗಿ ಕೂರುತ್ತದೆ. ತೆಗೆಯದಿದ್ದರೆ ತಂಪು ಕಡಿಮೆಯಾಗುತ್ತದೆ, ಕರೆಂಟ್ ಬಿಲ್ ಏರುತ್ತದೆ. ತೆಗೆಯುವ ವಾಲ್ವ್ ಇರುವುದು ತಳದಲ್ಲಿ. ಆಯಿಲ್ ಮುಗಿದ ಮರುಕ್ಷಣ ಅದೇ ತೂತಿನಿಂದ ಬರುವುದು ಪೂರ್ತಿ ಒತ್ತಡದ ದ್ರವ ಅಮೋನಿಯಾ. ಅಪಾಯವೆಲ್ಲ ಇರುವುದು ಇಲ್ಲಿ.

ಇನ್ನೂ ಹತ್ತಿರದಿಂದ ನೋಡಿ. ತಣ್ಣಗಿನ ಕಡೆಯ ಆಯಿಲ್ ಗಟ್ಟಿಯಾಗಿ ಹರಿಯುವುದೇ ಇಲ್ಲ. ಆಪರೇಟರ್ ವಾಲ್ವನ್ನು ಕಾಲು ಸುತ್ತು ತಿರುಗಿಸುತ್ತಾನೆ, ಏನೂ ಬರುವುದಿಲ್ಲ. ಅರ್ಧ ಸುತ್ತು, ಒಂದು ಸುತ್ತು, ಆಗಲೂ ಇಲ್ಲ. ಬಕೆಟ್ ಇಟ್ಟು, ವಾಲ್ವ್ ತೆರೆದೇ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಾನೆ, ಇಲ್ಲವೇ ಒಳಗೆ ತಂತಿ ಹಾಕಿ ಕೆದಕುತ್ತಾನೆ. ಕಟ್ಟಿಕೊಂಡಿದ್ದ ಆಯಿಲ್ ಒಮ್ಮೆಲೇ ಬಿಟ್ಟುಕೊಂಡಾಗ ಎದುರಿಗೆ ಅವನ ಮುಖವಿರುತ್ತದೆ. ವಾಲ್ವ್ ಮುಚ್ಚಲು ಕೈ ಹಾಕಬೇಕಾದ ಜಾಗ ಈಗ ಮೈನಸ್ 33 ಡಿಗ್ರಿಯ ಬಿಳಿ ಮಂಜಿನ ಒಳಗೆ. ಕಣ್ಣು ಬಿಡಲಾಗುವುದಿಲ್ಲ, ಉಸಿರೆಳೆಯಲಾಗುವುದಿಲ್ಲ.

ಇದಕ್ಕೆ ಪರಿಹಾರ ಆಯಿಲ್ ಪಾಟ್ ಎಂಬ ಸಣ್ಣ ಪಾತ್ರೆ. ರಿಸೀವರ್‌ನಿಂದ ನೇರವಾಗಿ ಹೊರಗೆ ಬಿಡದೆ ಆಯಿಲನ್ನು ಮೊದಲು ಈ ಪಾತ್ರೆಗೆ ಇಳಿಸಿಕೊಳ್ಳಬೇಕು. ರಿಸೀವರ್ ಕಡೆಯ ವಾಲ್ವನ್ನು ಪೂರ್ತಿ ಮುಚ್ಚಬೇಕು. ಪಾತ್ರೆಯಿಂದ ಸಕ್ಷನ್ ಲೈನಿಗೆ ಹೋಗುವ ವಾಲ್ವ್ ತೆರೆದು, ಒಳಗೆ ಉಳಿದ ಅಮೋನಿಯಾ ಕುದಿದು ಕಂಪ್ರೆಸರ್ ಕಡೆಗೆ ಹೋಗಲು ಬಿಡಬೇಕು. ಎಷ್ಟು ಹೊತ್ತು? ಪಾತ್ರೆಯ ಹೊರಮೈ ನೋಡಿದರೆ ಅದೇ ಹೇಳುತ್ತದೆ. ತಳದಲ್ಲಿ ಹಿಮ ಕಟ್ಟಿದೆ ಎಂದರೆ ಒಳಗೆ ಅಮೋನಿಯಾ ಇನ್ನೂ ಕುದಿಯುತ್ತಿದೆ. ಹಿಮವೆಲ್ಲ ಕರಗಿ, ಪಾತ್ರೆ ಕೋಣೆಯಷ್ಟೇ ಬೆಚ್ಚಗಾಗಿ, ಗೇಜಿನ ಮುಳ್ಳು ಕೆಳಗಿಳಿದು ಅಲ್ಲೇ ನಿಂತ ಮೇಲೆ ಸಕ್ಷನ್ ವಾಲ್ವ್ ಮುಚ್ಚಿ ಆಯಿಲ್ ತೆಗೆಯಬಹುದು. ಇಷ್ಟಕ್ಕೆ ಕೆಲವು ಗಂಟೆಗಳು ಹಿಡಿಯುತ್ತವೆ. ಆ ಗಂಟೆಗಳನ್ನು ಕೊಡಲೇಬೇಕು. ಅವಸರಕ್ಕೆಂದು ಪಾತ್ರೆಗೆ ಬ್ಲೋ ಲ್ಯಾಂಪ್ ಹಿಡಿಯುವುದಂತೂ ಸಾವನ್ನು ಕರೆದ ಹಾಗೆ.

ಡ್ರೈನ್ ಬಾಯಿಗೆ ಎರಡು ವಾಲ್ವ್ ಇರಬೇಕು. ಒಂದು ಮಾಮೂಲಿನ ಸ್ಟಾಪ್ ವಾಲ್ವ್, ಅದರ ಹೊರಗೆ ಕೈ ಬಿಟ್ಟೊಡನೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್. ಹಿಡಿದವನಿಗೆ ಏನಾದರೂ ಆದರೆ, ಅಥವಾ ಹೆದರಿ ಓಡಿದರೆ, ಸೋರಿಕೆ ಅಷ್ಟಕ್ಕೇ ನಿಲ್ಲಲಿ ಎಂಬುದೇ ಆ ಸ್ಪ್ರಿಂಗ್ ಇರುವ ಕಾರಣ. ಅದನ್ನು ತಂತಿಯಿಂದ ಕಟ್ಟಿಹಾಕಿ ಬೀಡಿ ಸೇದಲು ಹೋಗುವವರಿದ್ದಾರೆ. ಅಂಥ ತಂತಿ ಕಂಡರೆ ಮಾಲೀಕರಾಗಲಿ ಜೊತೆ ಕೆಲಸಗಾರರಾಗಲಿ ಆಗಲೇ ಬಿಚ್ಚಿಸಬೇಕು. ಈ ಕೆಲಸಕ್ಕೆ ಯಾವಾಗಲೂ ಇಬ್ಬರು ಬೇಕು. ಹಗಲಿನಲ್ಲೇ ಮಾಡಬೇಕು. ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ಸ್, ಅದರ ಮೇಲೆ ಮುಖಕ್ಕೆ ಶೀಲ್ಡ್, ಮೊಣಕೈವರೆಗಿನ ರಬ್ಬರ್ ಗ್ಲೌಸ್, ಕುತ್ತಿಗೆಯಲ್ಲಿ ಅಮೋನಿಯಾ ಮಾಸ್ಕ್, ಪಕ್ಕದಲ್ಲಿ ನೀರು ಬರುವ ಹೋಸ್, ಹಿಂದೆ ತೆರೆದ ಬಾಗಿಲು. ಇಷ್ಟಿಲ್ಲದೆ ಡ್ರೈನ್ ವಾಲ್ವಿಗೆ ಕೈ ಹಾಕಬೇಡಿ.

ಇನ್ನೆರಡು ಜಾಗಗಳನ್ನು ಹೇಳಿಬಿಡುತ್ತೇನೆ. ತಣ್ಣಗಿನ ದ್ರವ ಅಮೋನಿಯಾ ತುಂಬಿದ ಪೈಪಿನ ಎರಡೂ ತುದಿಯ ವಾಲ್ವ್ ಮುಚ್ಚಿ ಮನೆಗೆ ಹೋದರೆ, ಪೈಪ್ ಬೆಚ್ಚಗಾದಂತೆ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಾಗ ಉಕ್ಕಿನ ಪೈಪನ್ನೂ ಸೀಳಬಲ್ಲ ಒತ್ತಡ ಅದು. ಲೈನ್ ಮುಚ್ಚುವ ಮೊದಲು ದ್ರವವನ್ನು ಖಾಲಿ ಮಾಡಬೇಕು, ಅಲ್ಲಿ ರಿಲೀಫ್ ವಾಲ್ವ್ ಇರಬೇಕು. ಇನ್ನೊಂದು, ಸಿಲಿಂಡರ್‌ನಿಂದ ಗ್ಯಾಸ್ ಚಾರ್ಜ್ ಮಾಡುವಾಗಿನ ಹೋಸ್. ಅಮೋನಿಯಾಕ್ಕೆಂದೇ ಮಾಡಿದ ಹೋಸ್ ಬೇಕು, ಬಿರುಕು ಕಂಡದ್ದನ್ನು ಆ ದಿನವೇ ಎಸೆಯಬೇಕು.

ಎರಡು ತಿಂಗಳು ನಿಂತ ಪ್ಲಾಂಟ್

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧ. ಐಸಿಗೆ ಬೇಡಿಕೆ ಇಳಿದು ಅನೇಕ ಪ್ಲಾಂಟುಗಳು ನಿಲ್ಲುತ್ತವೆ. ಮಳೆ, ಉಪ್ಪುಗಾಳಿ ಸೇರಿ ಪೈಪುಗಳಿಗೆ ತುಕ್ಕು ಹಿಡಿಯುವ ಕಾಲವೂ ಅದೇ. ಥರ್ಮೋಕೋಲ್ ಸುತ್ತಿದ ಪೈಪಿನಲ್ಲಿ ಹೊರಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಒಳಗೆ ನೀರು ನಿಂತು ಪೈಪ್ ಸವೆದಿರುತ್ತದೆ. ಆಗಸ್ಟ್ ಬಂದೊಡನೆ ಎಲ್ಲರಿಗೂ ಒಟ್ಟಿಗೇ ಐಸ್ ಬೇಕು, ಆ ಅವಸರದಲ್ಲಿ ತಪಾಸಣೆ ಇಲ್ಲದೆಯೇ ಪ್ಲಾಂಟ್ ಚಾಲೂ ಆಗಿಬಿಡಬಹುದು.

ಕೆನಡಾದ ಫರ್ನಿ ಎಂಬ ಊರಿನಲ್ಲಿ ನಡೆದದ್ದನ್ನು ಈ ಕಾರಣಕ್ಕೇ ಇಲ್ಲಿ ಹೇಳಬೇಕು. ಅಲ್ಲಿನ ಐಸ್ ಕ್ರೀಡಾಂಗಣದ ಚಿಲ್ಲರ್ ಹಳೆಯದಾಗಿತ್ತು. ಅಮೋನಿಯಾ ಓಡಾಡುವ ಭಾಗದಿಂದ ಉಪ್ಪುನೀರಿನೊಳಗೆ, ಅಂದರೆ ನಮ್ಮವರು ಬ್ರೈನ್ ಎನ್ನುವ ನೀರಿಗೆ, ಸಣ್ಣದಾಗಿ ಸೋರಿಕೆ ಆಗುತ್ತಿರುವುದು ಆಟವಿಲ್ಲದ ತಿಂಗಳುಗಳ ಮೊದಲೇ ಗೊತ್ತಾಗಿತ್ತು. ಆದರೂ ಹೊಸ ಋತುವಿಗೆ ಅದನ್ನೇ ಚಾಲೂ ಮಾಡಿದರು. ಸೋರಿಕೆ ಹೆಚ್ಚಿತು. ಚಿಲ್ಲರ್ ನಿಲ್ಲಿಸಿದ ಮೇಲೂ ಬ್ರೈನ್ ಪೈಪಿನಲ್ಲಿ ಒತ್ತಡ ಏರುತ್ತ ಹೋಗಿ ಒಂದು ಜೋಡಣೆ ಕಳಚಿಕೊಂಡಿತು. 2017ರ ಅಕ್ಟೋಬರ್ 17ರಂದು ಮೂವರು ಸತ್ತರು. ಅವರೆಲ್ಲ ಆ ಕೆಲಸದವರೇ, ಒಬ್ಬರು ರೆಫ್ರಿಜರೇಶನ್ ತಂತ್ರಜ್ಞರು.

ನಮ್ಮ ಐಸ್ ಪ್ಲಾಂಟುಗಳಲ್ಲೂ ಬ್ರೈನ್ ಟ್ಯಾಂಕಿನಿಂದ ಐಸಿನ ಕ್ಯಾನ್ ಎತ್ತುವಾಗ ಘಾಟು ಬಂದರೆ ಕಾಯಿಲ್‌ನಲ್ಲಿ ತೂತಿರಬಹುದು. ಬ್ರೈನನ್ನು ಪರೀಕ್ಷೆಗೆ ಕೊಡಿ. ನಿಷೇಧದ ಎರಡು ತಿಂಗಳನ್ನು ತಪಾಸಣೆಗೆ ಬಳಸಿಕೊಳ್ಳಿ: ಪೈಪಿನ ದಪ್ಪ ಅಳೆಸಿ, ಗ್ಲ್ಯಾಂಡ್ ಪ್ಯಾಕಿಂಗ್ ಬದಲಿಸಿ, ರಿಲೀಫ್ ವಾಲ್ವುಗಳನ್ನು ಪರೀಕ್ಷಿಸಿ. ಕೆಲವು ಕಡೆ ರಿಲೀಫ್ ವಾಲ್ವಿನ ಬಾಯಿ ಜನ ಓಡಾಡುವ ಕಡೆಗೇ ತಿರುಗಿರುತ್ತದೆ. ಅದು ಮಾಡಿನ ಮೇಲಕ್ಕೆ ಹೋಗಬೇಕು, ಇಲ್ಲವೇ ಸಾಕಷ್ಟು ದೊಡ್ಡ ನೀರಿನ ಟ್ಯಾಂಕಿಗೆ ಇಳಿಯಬೇಕು.

ಸೋರಿದರೆ

ಮೊದಲ ನಿಮಿಷದಲ್ಲಿ ಮಾಡಬೇಕಾದದ್ದು ಹೊರಗೆ ಬರುವುದು, ಎಲ್ಲರನ್ನೂ ಹೊರಗೆ ಕರೆಯುವುದು. ಕಂಪ್ರೆಸರ್ ನಿಲ್ಲಿಸುವ ಎಮರ್ಜೆನ್ಸಿ ಸ್ವಿಚ್ ಕೋಣೆಯ ಹೊರಗೆ ಇರಬೇಕು ಎನ್ನುವುದು ಇದಕ್ಕೇ. ರಿಸೀವರ್‌ನಿಂದ ದ್ರವ ಹೊರಡುವ ಮುಖ್ಯ ವಾಲ್ವ್ ಯಾವುದು ಎಂಬುದು ಆಪರೇಟರಿಗೆ ಮಾತ್ರವಲ್ಲ, ರಾತ್ರಿ ಪಾಳಿಯ ಎಲ್ಲರಿಗೂ ಗೊತ್ತಿರಬೇಕು. ಅದಕ್ಕೆ ಬಣ್ಣ ಬಳಿದು ಹೆಸರು ಬರೆಯಿರಿ. 112ಕ್ಕೆ ಕರೆ ಮಾಡಿ, ‘ಅಮೋನಿಯಾ ಸೋರಿಕೆ’ ಎಂದು ಸ್ಪಷ್ಟವಾಗಿ ಹೇಳಿ. ಬರೀ ‘ಗ್ಯಾಸ್ ಲೀಕ್’ ಎಂದರೆ ಅಡುಗೆ ಅನಿಲ ಎಂದುಕೊಂಡು ಬರುತ್ತಾರೆ.

ಓಡುವ ದಿಕ್ಕು ಗಾಳಿಯನ್ನು ನೋಡಿಕೊಂಡು. ಮೋಡದಿಂದ ಅಡ್ಡಕ್ಕೆ ಸರಿದು, ನಂತರ ಗಾಳಿ ಬೀಸಿ ಬರುವ ಕಡೆಗೆ ಹೋಗಬೇಕು. ಕರಾವಳಿಯಲ್ಲಿ ಗಾಳಿ ಹಗಲಿಗೊಂದು ರಾತ್ರಿಗೊಂದು ದಿಕ್ಕು. ಮಧ್ಯಾಹ್ನ ಕಡಲಿನಿಂದ ನೆಲದ ಕಡೆಗೆ ಬೀಸುವಾಗ ಅನಿಲ ಮನೆಗಳತ್ತ ಹೋಗುತ್ತದೆ. ರಾತ್ರಿ ನೆಲದಿಂದ ಕಡಲಿಗೆ ಬೀಸುವಾಗ ಬೋಟುಗಳಲ್ಲಿ ಮಲಗಿದವರತ್ತ. ಒಂದೇ ಕಡೆ ಓಡುವುದನ್ನು ಕಲಿಸಿದರೆ ಸಾಲದು. ಮಾಡಿನ ಮೇಲೆ ಎಲ್ಲರಿಗೂ ಕಾಣುವಂತೆ ಗಾಳಿಚೀಲ ಕಟ್ಟಿ, ಎರಡು ದಿಕ್ಕಿನಲ್ಲೂ ಸೇರುವ ಜಾಗ ಗುರುತಿಸಿ. ಅಕ್ಕಪಕ್ಕದ ಮನೆಯವರು ಓಡುವುದಕ್ಕಿಂತ ಕಿಟಕಿ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಫ್ಯಾನ್ ಆರಿಸಿ ಒಳಗಿರುವುದೇ ಹಲವು ಬಾರಿ ಸುರಕ್ಷಿತ. ಹೊರಗೆ ಸಿಕ್ಕಿಬಿದ್ದವರು ಒದ್ದೆ ಬಟ್ಟೆಯನ್ನು ಮೂಗು ಬಾಯಿಗೆ ಒತ್ತಿಕೊಂಡರೆ ಕೆಲವು ಕ್ಷಣ ಸಿಗುತ್ತವೆ, ಅಷ್ಟೇ. ಅದನ್ನು ನಂಬಿ ಒಳಗೆ ಹೋಗಬಾರದು.

ನೀರು ಅಮೋನಿಯಾಕ್ಕೆ ಮದ್ದು ಎಂಬುದು ಅರ್ಧ ಸತ್ಯ. ಮೋಡದಂತೆ ಹರಡುವ ಆವಿಯ ಮೇಲೆ ದೂರದಿಂದ ನೀರನ್ನು ತುಂತುರಾಗಿ ಹಾಯಿಸಿದರೆ ಅದು ಹೀರಿಕೊಳ್ಳುತ್ತದೆ. ನೆಲದಲ್ಲಿ ನಿಂತ ದ್ರವ ಅಮೋನಿಯಾದ ಮೇಲೆ ನೀರು ಸುರಿದರೆ ಅದು ಭರ್ರನೆ ಕುದಿದು ಮೋಡ ಇಮ್ಮಡಿಯಾಗುತ್ತದೆ. ಹೀರಿಕೊಂಡ ನೀರು ಬಂದರಿಗೋ ಹೊಳೆಗೋ ಸೇರಿದರೆ ಮೀನು ಸಾಯುತ್ತವೆ, ಅದನ್ನು ತಡೆದು ನಿಲ್ಲಿಸಬೇಕು.

ಇನ್ನು ಮಾಸ್ಕ್. ಕೊರೊನಾ ಕಾಲದ ಮಾಸ್ಕ್ ಅನಿಲವನ್ನು ತಡೆಯುವುದೇ ಇಲ್ಲ. ಅಮೋನಿಯಾ ಕ್ಯಾನಿಸ್ಟರ್ ಇರುವ ಮುಖವಾಡ ಸಣ್ಣ ಸೋರಿಕೆಗೆ, ತಪ್ಪಿಸಿಕೊಂಡು ಓಡುವುದಕ್ಕೆ ಸರಿ. ಕ್ಯಾನಿಸ್ಟರ್‌ಗೆ ಅವಧಿ ಇದೆ, ಸೀಲ್ ಒಡೆದು ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟದ್ದು ಕೆಲಸಕ್ಕೆ ಬಾರದು. ಬಿಳಿ ಮಂಜಿನೊಳಗೆ ಹೋಗಲು ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವ ಬಿ.ಎ. ಸೆಟ್ ಒಂದೇ ದಾರಿ, ಅದೂ ತರಬೇತಿ ಇರುವವರಿಗೆ, ಹೊರಗೆ ಇನ್ನೊಂದು ಸೆಟ್ ಹಾಕಿಕೊಂಡ ಜೊತೆಗಾರ ನಿಂತಿದ್ದರೆ. ಗಡ್ಡ ಬಿಟ್ಟವರಿಗೆ ಮುಖವಾಡ ಸರಿಯಾಗಿ ಕೂರುವುದಿಲ್ಲ, ಅಂಥವರನ್ನು ಒಳಗೆ ಕಳಿಸಬೇಡಿ. ಒಳಗೆ ಬಿದ್ದವನು ನಮ್ಮವನೇ, ತಮ್ಮನೇ ಇರಬಹುದು. ಬರಿಗೈಯಲ್ಲಿ ನುಗ್ಗಿದರೆ ಬೀಳುವವರು ಇಬ್ಬರಾಗುತ್ತಾರೆ. ಇದನ್ನು ಹೇಳುವುದು ಸುಲಭ, ಆ ಹೊತ್ತಿಗೆ ಕಾಲು ತಡೆದು ನಿಲ್ಲುವುದು ಬಹಳ ಕಷ್ಟ. ಅಭ್ಯಾಸವನ್ನು ಮೊದಲೇ ಮಾಡಿಸಬೇಕಾದದ್ದು ಅದಕ್ಕೇ.

ಕಣ್ಣಿಗೆ ಬಿದ್ದರೆ ನೀರು, ಮತ್ತೆ ನೀರು. ರೆಪ್ಪೆಗಳನ್ನು ಬೆರಳಿನಿಂದ ಅಗಲಿಸಿ ಹಿಡಿದು ಕನಿಷ್ಠ ಹದಿನೈದು ನಿಮಿಷ ಬಿಡದೆ ತೊಳೆಯಬೇಕು, ಆಸ್ಪತ್ರೆಯ ದಾರಿಯಲ್ಲೂ ತೊಳೆಯುತ್ತಿರಬೇಕು. ನೋವಿಗೆ ಕಣ್ಣು ತಾನಾಗಿ ಬಿಗಿದುಕೊಳ್ಳುತ್ತದೆ, ಇನ್ನೊಬ್ಬರು ಹಿಡಿದೇ ತೆರೆಯಬೇಕು. ಬ್ರೈನ್ ಟ್ಯಾಂಕಿನ ನೀರು ಬೇಡ, ಕ್ಯಾನ್ ತುಂಬುವ ಸಿಹಿನೀರು ಬಳಸಿ. ಮೈಮೇಲೆ ದ್ರವ ಬಿದ್ದು ಬಟ್ಟೆ ಚರ್ಮಕ್ಕೆ ಹೆಪ್ಪುಗಟ್ಟಿದ್ದರೆ ಎಳೆಯಬೇಡಿ, ನೀರು ಹಾಕಿ ಸಡಿಲಾದ ಮೇಲೆ ತೆಗೆಯಿರಿ. ನಿಂಬೆರಸ, ವಿನೆಗರ್, ಎಣ್ಣೆ, ಮುಲಾಮು ಯಾವುದೂ ಬೇಡ. ಉಸಿರಿನಲ್ಲಿ ಅನಿಲ ಎಳೆದುಕೊಂಡವರು ‘ಈಗ ಸರಿಯಾಯಿತು’ ಎಂದರೂ ಆಸ್ಪತ್ರೆಗೆ ಕರೆದೊಯ್ಯಿರಿ. ಶ್ವಾಸಕೋಶದಲ್ಲಿ ನೀರು ತುಂಬುವುದು ಎಷ್ಟೋ ಗಂಟೆ ತಡವಾಗಿ ಶುರುವಾಗಬಹುದು.

ಬಂದರಿನಲ್ಲಿ ದುಡಿಯುವವರಲ್ಲಿ ಉತ್ತರ ಕರ್ನಾಟಕದವರಿದ್ದಾರೆ, ಒಡಿಶಾ, ಜಾರ್ಖಂಡ್‌ನವರಿದ್ದಾರೆ. ಇಂಗ್ಲಿಷಿನಲ್ಲಿ ಬರೆದ ಎಚ್ಚರಿಕೆಯ ಬೋರ್ಡು ಇವರಲ್ಲಿ ಎಷ್ಟು ಮಂದಿಗೆ ಓದಲು ಬರುತ್ತದೆ? ಕನ್ನಡ, ಹಿಂದಿ, ಒಡಿಯಾದಲ್ಲಿ ಬರೆಸಿ, ಚಿತ್ರ ಹಾಕಿಸಿ. ಪ್ಲಾಂಟಿನ ಮೇಲಿನ ಕೋಣೆಯಲ್ಲೇ ಕೆಲಸಗಾರರನ್ನು ಮಲಗಿಸುವ ರೂಢಿ ಎಲ್ಲಿದ್ದರೂ ನಿಲ್ಲಬೇಕು. ನಿದ್ದೆಯಲ್ಲಿರುವವನಿಗೆ ಓಡಲು ಸಿಗುವ ಸಮಯ ತೀರ ಕಡಿಮೆ.

ಭೋಪಾಲ್ ದುರಂತದ ನಂತರ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಉದ್ಯಮಗಳ ಒಂದು ಅಧ್ಯಾಯವನ್ನೇ ಸೇರಿಸಲಾಯಿತು. ಜೀವಕ್ಕೆ ಸನ್ನಿಹಿತ ಅಪಾಯವಿದೆ ಎನ್ನಿಸಿದರೆ ಅದನ್ನು ಮಾಲೀಕರ ಮತ್ತು ಇನ್‌ಸ್ಪೆಕ್ಟರ್ ಗಮನಕ್ಕೆ ತರುವ ಹಕ್ಕನ್ನು ಅದು ಕೆಲಸಗಾರನಿಗೆ ಕೊಟ್ಟಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಆ ಹಕ್ಕು ಇದೆ. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆ, ಬಾಯ್ಲರ್, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ.

ಪ್ಲಾಂಟ್ ಮಾಲೀಕರಲ್ಲಿ ಒಂದು ಕೋರಿಕೆ. ಆಯಿಲ್ ಪಾಟ್, ಸ್ಪ್ರಿಂಗ್ ವಾಲ್ವ್, ಎರಡು ಬಿ.ಎ. ಸೆಟ್, ಬಾಗಿಲ ಬಳಿ ಕಣ್ಣು ತೊಳೆಯಲು ಒಂದು ನಲ್ಲಿ, ಈ ನಾಲ್ಕು ನಿಮ್ಮಲ್ಲಿ ಇವೆಯೇ ಎಂದು ಇವತ್ತೇ ಹೋಗಿ ನೋಡಿ. ಯಾವುದು ಇಲ್ಲವೋ ಅದನ್ನು ಮುಂದಿನ ಆಯಿಲ್ ಡ್ರೈನ್‌ಗೆ ಮೊದಲೇ ತರಿಸಿ.